ಆ ಒಂದು ವೋಟು ಪಾರ್ಲಿಮೆಂಟ್ ದಾಖಲೆಯಲ್ಲಿ ಯಾಕೆ ಸಿಗಲ್ಲ

ಸೆಪ್ಟೆಂಬರ್ 14, ಹಿಂದಿ ದಿವಸ, ಬಂತು ಅಂದ್ರೆ ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ ಹಿಂದಿ ಜಗಳ ಗ್ಯಾರಂಟಿ. ಈ ಸಲ ದೊಡ್ಡಪ್ಪ ಒಂದು ಫಾರ್ವರ್ಡ್ ಹಾಕಿದ್ರು, ಸಂವಿಧಾನ ಸಭೇಲಿ ಹಿಂದಿ ಗೆದ್ದಿದ್ದು ಬರೀ ಒಂದೇ ಒಂದು ವೋಟಿಂದ, 78ಕ್ಕೆ 77, ಪಾರ್ಲಿಮೆಂಟ್ ರೆಕಾರ್ಡಲ್ಲೇ ಇದೆ ಬೇಕಾದ್ರೆ ತೆಗೆದು ನೋಡ್ಕೊಳಿ ಅಂತ. ದೆಹಲೀಲಿರೋ ಭಾವ ಸುಮ್ನಿರ್ತಾರಾ, "ಅಂಥ ವೋಟೇ ಆಗಿಲ್ಲ, ನಾನು ಹುಡುಕಿದೀನಿ, ಇಲ್ಲ" ಅಂದ್ರು. ಆಮೇಲೆ ಎರಡು ದಿನ ಅದೇ ನಡೀತು. ನಂಗೆ ಈ ಹಳೇ ಚರ್ಚೆಗಳ ಪಿಡಿಎಫ್ ತಿರುವೋ ಚಟ ಮೊದ್ಲಿಂದ್ಲೂ ಇರೋದ್ರಿಂದ ಇಬ್ರೂ ನನ್ನನ್ನೇ ಪಂಚಾಯ್ತಿಗೆ ಕರೆದ್ರು. ಇಬ್ರೂ ಅರ್ಧರ್ಧ ಸರಿ. ಅದು ಹೇಗೆ ಅಂತ ವಾಟ್ಸಾಪಲ್ಲಿ ಬರೆಯೋಕೆ ಆಗಲ್ಲ, ಅದಕ್ಕೆ ಇಲ್ಲಿ ಬರೀತಿದೀನಿ, ಸ್ವಲ್ಪ ಉದ್ದ ಆಗತ್ತೆ.

ಮೊದಲು ಏನಿದೆ ನೋಡೋಣ. ಸಂವಿಧಾನ ಸಭೆ ಮೊದಲ ಸಲ ಸೇರಿದ್ದು 1946ರ ಡಿಸೆಂಬರ್ 9ಕ್ಕೆ, ಕೊನೇಗೆ ಎಲ್ಲರೂ ಸಹಿ ಹಾಕಿದ್ದು 1950ರ ಜನವರಿ 24ಕ್ಕೆ. ಅಷ್ಟೂ ದಿನ ಸಭೇಲಿ ಆಡಿದ ಮಾತು 12 ಸಂಪುಟಗಳಲ್ಲಿ ಅಚ್ಚಾಗಿದೆ. ಪಾರ್ಲಿಮೆಂಟ್ ಡಿಜಿಟಲ್ ಲೈಬ್ರರೀಲಿ ಫ್ರೀಯಾಗಿ ಓದಬಹುದು, ನಮ್ಮ ಬೆಂಗಳೂರಿನ ಸೆಂಟರ್ ಫಾರ್ ಲಾ ಅಂಡ್ ಪಾಲಿಸಿ ರಿಸರ್ಚ್ ಅನ್ನೋ ಸಂಸ್ಥೆಯೋರು ಇದನ್ನೆಲ್ಲ ಹುಡುಕೋಕೆ ಆಗೋ ಥರ ನೀಟಾಗಿ ಹಾಕಿಟ್ಟಿದ್ದಾರೆ, ಅದನ್ನೇ ಉಪಯೋಗಿಸಿ, ಸ್ಕ್ಯಾನ್ ಮಾಡಿದ ಪಿಡಿಎಫ್ ಜೊತೆ ಒದ್ದಾಡೋದು ತಪ್ಪುತ್ತೆ. ಭಾಷೆಯ ಚರ್ಚೆ 9ನೇ ಸಂಪುಟದಲ್ಲಿದೆ, 1949ರ ಸೆಪ್ಟೆಂಬರ್ 12ರಿಂದ 14ರ ತನಕ. ಎನ್. ಗೋಪಾಲಸ್ವಾಮಿ ಅಯ್ಯಂಗಾರ್ ಕರಡು ಮಂಡಿಸ್ತಾರೆ, ಇನ್ನೊಬ್ಬ ಸದಸ್ಯ ಕೆ. ಎಂ. ಮುನ್ಷಿ ಮತ್ತೆ ಅವರು ಸೇರಿ ಮಾಡಿದ ರಾಜಿ ಸೂತ್ರ ಅದು. ಹಿಂದಿ ಒಕ್ಕೂಟದ ಅಧಿಕೃತ ಭಾಷೆ, 15 ವರ್ಷ ಇಂಗ್ಲಿಷೂ ಇರತ್ತೆ, ಅಂಕಿಗಳು ಮಾತ್ರ ಅಂತರರಾಷ್ಟ್ರೀಯ ರೂಪದ್ದು, ಅಂದ್ರೆ ದೇವನಾಗರಿ ಅಂಕಿ ಅಲ್ಲ, 1, 2, 3. ಮೂರು ದಿನ ಮಾತಾಡ್ತಾರೆ, ಕಾವೇರತ್ತೆ, ಕೊನೇಗೆ ತಿದ್ದುಪಡಿಗಳ ಜೊತೆ ಪಾಸಾಗತ್ತೆ. 78ಕ್ಕೆ 77 ಅನ್ನೋ ಲೆಕ್ಕ ಅಲ್ಲಿ ಎಲ್ಲೂ ಇಲ್ಲ. ಭಾವ ಹುಡುಕಿದ್ದು ಸರಿಯಾದ ಜಾಗದಲ್ಲೇ, ಸಿಗದೇ ಇದ್ದಿದ್ದೂ ಸರೀನೇ.

ಹಾಗಿದ್ರೆ ದೊಡ್ಡಪ್ಪನ ಲೆಕ್ಕ ಎಲ್ಲಿಂದ ಬಂತು? ಅದನ್ನ ಹೇಳಿದ್ದು ಸ್ವತಃ ಅಂಬೇಡ್ಕರ್ ಅವರು, 1955ರಲ್ಲಿ, ಭಾಷಾವಾರು ರಾಜ್ಯಗಳ ಬಗ್ಗೆ ಬರೆದ ಸಣ್ಣ ಪುಸ್ತಕದಲ್ಲಿ. ಈಗ ಹೇಳಿದ್ರೆ ಗುಟ್ಟು ಬಿಟ್ಕೊಟ್ಟ ಹಾಗೆ ಆಗ್ಲಿಕ್ಕಿಲ್ಲ ಅಂತ ಶುರು ಮಾಡಿ ಅವರು ಹೇಳೋದೇನು ಅಂದ್ರೆ, ಕಾಂಗ್ರೆಸ್ ಪಾರ್ಟಿ ಮೀಟಿಂಗಲ್ಲಿ ಹಿಂದಿ ವಿಷಯ ವೋಟಿಗೆ ಬಂದಾಗ 78–78 ಸಮ ಆಯ್ತು, ಬಹಳ ಹೊತ್ತಾದ ಮೇಲೆ ಮತ್ತೆ ವೋಟು ಹಾಕಿಸಿದಾಗ ಹಿಂದಿ ಪರ 78, ವಿರುದ್ಧ 77 ಬಂತು ಅಂತ. ಗಮನಿಸಿ, *ಪಾರ್ಟಿ ಮೀಟಿಂಗಲ್ಲಿ*. ಸಭೇಲಿ ಅಲ್ಲ. ಆ ಒಂದು ವೋಟು ಹಿಂದಿ ಬಗ್ಗೆ ಅಲ್ಲ, ಅಂಕಿ ಯಾವ ರೂಪದಲ್ಲಿರ್ಬೇಕು ಅನ್ನೋದ್ರ ಬಗ್ಗೆ ಬಿದ್ದಿದ್ದು ಅಂತ ವಾದಿಸೋ ಇತಿಹಾಸಕಾರರೂ ಇದ್ದಾರೆ. ಆ ವಾದ ಇವತ್ತಿಗೂ ಬಗೆಹರೀದೆ ಇರೋದಕ್ಕೆ ಕಾರಣಾನೂ ಇದೇ: ಸಭೆಯೊಳಗೆ ನಡೆದ ವೋಟಾಗಿದ್ರೆ ತಾರೀಕು, ಪುಟ ಸಮೇತ ತೆಗೆದು ತೋರಿಸಿ ಬಾಯಿ ಮುಚ್ಚಿಸಬಹುದಿತ್ತು. ಪಾರ್ಟಿ ಮೀಟಿಂಗಿಗೆ ಸಭೆಯ ರಿಪೋರ್ಟರ್ ಹೋಗಿರ್ಲಿಲ್ಲ, ಅವರ ಕೆಲಸ ಅದಲ್ಲ. ಸಭೇಲಿ ಬಹುಪಾಲು ಸೀಟು ಕಾಂಗ್ರೆಸ್ಸಿಂದೇ, ಹಾಗಾಗಿ ದೊಡ್ಡ ವಿಷಯ ಯಾವುದೇ ಇದ್ರೂ ಮೊದಲು ಅವರೊಳಗೇ ಗುದ್ದಾಡಿ ತೀರ್ಮಾನ ಮಾಡ್ಕೊಂಡು ಆಮೇಲೆ ಸಭೆಗೆ ತರ್ತಿದ್ರು. ಆ ಮೀಟಿಂಗ್ ನಡೀತಿದ್ದಿದ್ದು ಕರ್ಜನ್ ರೋಡಿನ ಕಾನ್ಸ್ಟಿಟ್ಯೂಷನ್ ಹೌಸಲ್ಲಿ, ಈಗ ಕಸ್ತೂರ್ಬಾ ಗಾಂಧಿ ಮಾರ್ಗ ಅಂತಾರಲ್ಲ ಆ ರಸ್ತೆ.

ಇದನ್ನೂ ಅಂಬೇಡ್ಕರ್ ಮುಚ್ಚಿಟ್ಟಿಲ್ಲ. 1949ರ ನವೆಂಬರ್ 25ರ ಭಾಷಣ ಎಲ್ರೂ ಕೇಳಿರ್ತೀರ, ವಿರೋಧಾಭಾಸಗಳ ಬದುಕಿಗೆ ಕಾಲಿಡ್ತಿದೀವಿ ಅಂತ ಹೇಳಿದ ಭಾಷಣ. ಅದರ ಮೊದಲರ್ಧ ಯಾರೂ ಶೇರ್ ಮಾಡಲ್ಲ. ಅಲ್ಲಿ ಅವರು ನೇರವಾಗೇ ಹೇಳ್ತಾರೆ, ಕಾಂಗ್ರೆಸ್ ಪಕ್ಷದ ಶಿಸ್ತು ಇದ್ದಿದ್ರಿಂದಲೇ ಕರಡು ಸಮಿತಿಗೆ ಪ್ರತಿ ಕಲಮು, ಪ್ರತಿ ತಿದ್ದುಪಡಿ ಏನಾಗತ್ತೆ ಅಂತ ಮೊದಲೇ ಖಾತ್ರಿ ಇರ್ತಿತ್ತು, ಎಲ್ರೂ ಆ ಶಿಸ್ತಿಗೆ ತಲೆಬಾಗಿದ್ದಿದ್ರೆ ಸಭೆ ಬಹಳ ನೀರಸ ಆಗಿರೋದು, ಪುಣ್ಯಕ್ಕೆ ಕೆಲವು ಬಂಡಾಯಗಾರರು ಇದ್ರು ಅಂತ, ಹೆಸರು ಹಿಡಿದೇ ಹೇಳ್ತಾರೆ: ಕಾಮತ್, ಕೆ. ಟಿ. ಶಾ, ಕುಂಜ್ರು, ಸಕ್ಸೇನ ಹೀಗೆ. ಈ ಎಚ್. ವಿ. ಕಾಮತ್ ಇದಾರಲ್ಲ, ಹುಟ್ಟಿದ್ದು ಮಂಗಳೂರಲ್ಲಿ, ಸಭೆಗೆ ಬಂದಿದ್ದು ಮಧ್ಯ ಪ್ರಾಂತ್ಯದಿಂದ, ಯಾವ ಸಂಪುಟ ತೆಗೆದ್ರೂ ಅವರದ್ದೊಂದು ತಕರಾರು ಇದ್ದೇ ಇರತ್ತೆ. ನಂಗಂತೂ ಅವರು ಎದ್ದು ನಿಂತ್ರೆ ಖುಷಿ. ಒಟ್ಟು ಬಂದ ತಿದ್ದುಪಡಿ 7,635, ಅದ್ರಲ್ಲಿ ಸಭೇಲಿ ನಿಜವಾಗ್ಲೂ ಮಂಡನೆ ಆಗಿದ್ದು 2,473 ಅಂತ ಅದೇ ಭಾಷಣದಲ್ಲಿದೆ. ಉಳಿದ ಐದು ಸಾವಿರ ಚಿಲ್ಲರೆ ಯಾಕೆ ಮಂಡನೆ ಆಗಿಲ್ಲ ಅಂತ ಒಂದೊಂದಕ್ಕೂ ಕಾರಣ ಚರ್ಚೆಯ ಪುಟಗಳಲ್ಲಿ ಸಿಗಲ್ಲ.

ಇನ್ನೊಬ್ಬ ಮಂಗಳೂರಿನೋರ ಕಥೆ ಇದಕ್ಕಿಂತ ಮಜಾ. ಬೆನಗಲ್ ನರಸಿಂಗ ರಾವ್, ಬಿ. ಎನ್. ರಾವ್, ಸಂವಿಧಾನ ಸಭೆಯ ಸಲಹೆಗಾರರು. ಮೊಟ್ಟಮೊದಲ ಕರಡು ತಯಾರು ಮಾಡಿದ್ದು ಅವರೇ, 1947ರ ಅಕ್ಟೋಬರ್‌ನಲ್ಲಿ, 243 ಕಲಮು 13 ಷೆಡ್ಯೂಲು. ಅದನ್ನ ಮುಂದಿಟ್ಕೊಂಡೇ ಅಂಬೇಡ್ಕರ್ ಅಧ್ಯಕ್ಷತೆಯ ಸಮಿತಿ ಕೂತಿದ್ದು. ಈಗ ಹನ್ನೆರಡೂ ಸಂಪುಟದಲ್ಲಿ ಅವರ ಒಂದು ಭಾಷಣ ಹುಡುಕಿ ನೋಡಿ. ಇಲ್ಲ. ಯಾಕಂದ್ರೆ ಅವರು ಸದಸ್ಯರೇ ಅಲ್ಲ, ಸಭೇಲಿ ಮಾತಾಡೋ ಹಕ್ಕೇ ಇರ್ಲಿಲ್ಲ. ಬೇರೆಯವರು ಥ್ಯಾಂಕ್ಸ್ ಹೇಳೋವಾಗ ಹೆಸರು ಬರತ್ತೆ ಅಷ್ಟೇ. ಬರೀ ಚರ್ಚೆಗಳನ್ನ ಓದಿ ಸಂವಿಧಾನ ಹೇಗಾಯ್ತು ಅಂತ ಬರೆಯೋಕೆ ಕೂತ್ರೆ ಈ ಮನುಷ್ಯ ಹೆಚ್ಚೂಕಮ್ಮಿ ಕಾಣೋದೇ ಇಲ್ಲ.

ಹಾಗಿದ್ರೆ ಅವರ ಟಿಪ್ಪಣಿ, ಸಮಿತಿಗಳ ನಡಾವಳಿ, ಕರಡಿನ ಮೇಲೆ ಪ್ರಾಂತ್ಯಗಳು ಬರೆದ ಅಭಿಪ್ರಾಯ ಇದೆಲ್ಲ ಎಲ್ಲೋಯ್ತು ಅಂದ್ರೆ, ಅದನ್ನ ಒಟ್ಟುಮಾಡಿ ಅಚ್ಚು ಹಾಕಿಸಿದ್ದು ಅವರ ತಮ್ಮ ಬಿ. ಶಿವರಾವ್. ಪತ್ರಕರ್ತರು, ಸಂವಿಧಾನ ಸಭೆ ಸದಸ್ಯರು, 1952ರಲ್ಲಿ ದಕ್ಷಿಣ ಕನ್ನಡದಿಂದ ಲೋಕಸಭೆಗೆ ಗೆದ್ದೋರು. 'ದ ಫ್ರೇಮಿಂಗ್ ಆಫ್ ಇಂಡಿಯಾಸ್ ಕಾನ್ಸ್ಟಿಟ್ಯೂಷನ್' ಅಂತ 1960ರ ದಶಕದ ಕೊನೇಲಿ ಬಂತು, ನಾಲ್ಕು ಸಂಪುಟ ದಾಖಲೆ, ಒಂದು ಸಂಪುಟ ವಿವರಣೆ, ಪ್ರಕಟ ಮಾಡಿದ್ದು ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಅಡ್ಮಿನಿಸ್ಟ್ರೇಷನ್. ಮೂಲಭೂತ ಹಕ್ಕುಗಳ ಉಪಸಮಿತೀಲಿ ಯಾರು ಏನಂದ್ರು, ಕರಡು ಸಮಿತಿ ಯಾವತ್ತು ಯಾವ ಸಾಲು ಬದಲಾಯಿಸ್ತು ಅಂತ ಗೊತ್ತಾಗ್ಬೇಕು ಅಂದ್ರೆ ಅಲ್ಲಿಗೇ ಹೋಗ್ಬೇಕು. ಬರೀ ಚರ್ಚೆ ಓದ್ಕೊಂಡು ಯೂಟ್ಯೂಬಲ್ಲಿ ಸಂವಿಧಾನದ ಇತಿಹಾಸ ಹೇಳೋರು ಬಹಳ ಜನ ಇದ್ದಾರೆ, ಅವರಿಗೆ ಈ ಐದು ಸಂಪುಟ ಇದೆ ಅನ್ನೋದೇ ಗೊತ್ತಿರಲ್ಲ. (ಮೂರನೇ ಅಣ್ಣತಮ್ಮ ಬೆನಗಲ್ ರಾಮರಾವ್ ರಿಸರ್ವ್ ಬ್ಯಾಂಕ್ ಗವರ್ನರ್ ಆಗಿದ್ರು. ಒಂದೇ ಮನೆ!)

ಹಾಗಂತ ಚರ್ಚೆಯ ಸಂಪುಟದಲ್ಲಿ ರುಚಿ ಇಲ್ಲ ಅಂತಲ್ಲ. ನಮ್ಮ ಕೆಂಗಲ್ ಹನುಮಂತಯ್ಯನವರು ಮೈಸೂರಿಂದ ಹೋಗಿದ್ದ ಏಳು ಜನರಲ್ಲಿ ಒಬ್ಬರು, 1949ರ ನವೆಂಬರ್‌ನಲ್ಲಿ ಎದ್ದು ನಿಂತು, ನಮಗೆ ಬೇಕಿದ್ದಿದ್ದು ವೀಣೆ ಸಿತಾರ್ ಸಂಗೀತ, ಇಲ್ಲಿ ಕೇಳ್ತಿರೋದು ಇಂಗ್ಲಿಷ್ ಬ್ಯಾಂಡು ಅಂತ ಅಂದೇಬಿಟ್ರು. ಅಚ್ಚಲ್ಲಿದೆ. ಟಿ. ಟಿ. ಕೃಷ್ಣಮಾಚಾರಿ 1948ರ ನವೆಂಬರ್ 5ರಂದು, ಕರಡು ಸಮಿತಿಯ ಏಳು ಜನರಲ್ಲಿ ಒಬ್ಬರು ರಾಜೀನಾಮೆ, ಒಬ್ಬರು ತೀರ್ಕೊಂಡ್ರು, ಒಬ್ಬರು ಅಮೆರಿಕದಲ್ಲಿ, ಕೊನೇಗೆ ಭಾರ ಪೂರ್ತಿ ಅಂಬೇಡ್ಕರ್ ಮೇಲೇ ಬಿತ್ತು ಅಂದಿದ್ದು ಕೂಡ ಅಚ್ಚಲ್ಲಿದೆ, ಹಿಂದಿ ಸಾಮ್ರಾಜ್ಯಶಾಹಿ ಅನ್ನೋ ಮಾತೂ ಅದೇ ದಿನದ್ದೇ. ಹಿಂದುಸ್ತಾನಿ ಬರದೇ ಇರೋರಿಗೆ ಹಿಂದುಸ್ಥಾನದಲ್ಲಿರೋ ಹಕ್ಕಿಲ್ಲ ಅಂತ ಆರ್. ವಿ. ಧುಲೇಕರ್ ಎರಡನೇ ದಿನವೇ, 1946ರ ಡಿಸೆಂಬರ್ 10ಕ್ಕೇ ಗುಡುಗಿದ್ದೂ ಇದೆ. ಯಾರೂ ನಾನು ಹೇಳೇ ಇಲ್ಲ ಅನ್ನೋ ಹಾಗಿಲ್ಲ.

ಆದ್ರೆ ವೋಟು? ಇಲ್ಲೇ ಜನ ಎಡವೋದು. ಆಗಿನ ಸಂವಿಧಾನ ಸಭೆ ಇರ್ಲಿ, ಈಗಿನ ಪಾರ್ಲಿಮೆಂಟ್ ಇರ್ಲಿ, ಬಹಳಷ್ಟು ತೀರ್ಮಾನ ಆಗೋದು ಧ್ವನಿಮತದಲ್ಲಿ. ಪರ ಇರೋರು ಹೌದು ಅಂತಾರೆ, ವಿರುದ್ಧ ಇರೋರು ಇಲ್ಲ ಅಂತಾರೆ, ಪೀಠದಲ್ಲಿ ಕೂತೋರ ಕಿವಿಗೆ ಯಾವುದು ಜೋರು ಕೇಳ್ತೋ ಅದು. ಅಚ್ಚಲ್ಲಿ ಒಂದು ಸಾಲು ಬರತ್ತೆ, ಪ್ರಸ್ತಾವ ಅಂಗೀಕಾರ ಆಯ್ತು, ಮುಗೀತು. ಯಾರಾದ್ರೂ ಡಿವಿಷನ್, ಅಂದ್ರೆ ವೋಟು ಎಣಿಸಿ ಅಂತ ಕೇಳಿ ಅದು ಸಿಕ್ಕಿದ್ರೆ ಮಾತ್ರ ಯಾರು ಯಾವ ಕಡೆ ಅಂತ ಹೆಸರಿನ ಪಟ್ಟಿ ಬರೋದು. ಅದಕ್ಕೇ ನಿಮ್ಮ ಎಂಪಿ ಇಂಥ ಮಸೂದೆಗೆ ಏನು ವೋಟು ಹಾಕಿದ್ರು ಅಂತ ಕೇಳಿದ್ರೆ ಎಷ್ಟೋ ಸಲ ಉತ್ತರ ಸಿಗಲ್ಲ, ಕಳೆದುಹೋಗಿದೆ ಅಂತಲ್ಲ, ಬರೆದೇ ಇಲ್ಲ. 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೇಲಿ ಕೃಷಿ ಮಸೂದೆ ಧ್ವನಿಮತದಲ್ಲಿ ಪಾಸಾಯ್ತಲ್ಲ, ವಿರೋಧ ಪಕ್ಷದೋರು ಡಿವಿಷನ್ ಡಿವಿಷನ್ ಅಂತ ಕೂಗಿದ್ದು ಇದಕ್ಕೇ. ನನ್ನ ಕೇಳಿದ್ರೆ ಕಾಯ್ದೆ ಮಾಡೋ ವೋಟು ಎಲ್ಲವೂ ಹೆಸರು ಸಮೇತ ಇರ್ಬೇಕು, ಈಗ ಸೀಟಲ್ಲೇ ಬಟನ್ ಇದೆ, ಒತ್ತೋಕೆ ಎಷ್ಟು ಹೊತ್ತು ಬೇಕು ಹೇಳಿ.

ಆಮೇಲೆ ಕಡತದಿಂದ ತೆಗೆದು ಹಾಕೋದು. ಲೋಕಸಭೆ ನಿಯಮ 380ರಲ್ಲಿ ಅಸಂಸದೀಯ, ಅವಹೇಳನಕಾರಿ ಮಾತನ್ನ ಕಡತದಿಂದ ತೆಗೆಸೋ ಅಧಿಕಾರ ಸ್ಪೀಕರ್‌ಗಿದೆ. ನಿಯಮ 381ರ ಪ್ರಕಾರ ಆ ಜಾಗದಲ್ಲಿ ನಕ್ಷತ್ರ ಚಿಹ್ನೆ ಹಾಕಿ, ಪೀಠದ ಆದೇಶದಂತೆ ತೆಗೆದುಹಾಕಲಾಗಿದೆ ಅಂತ ಕೆಳಗೆ ಅಡಿಟಿಪ್ಪಣಿ ಕೊಡ್ತಾರೆ. ಅಂದ್ರೆ ಇಲ್ಲೊಂದು ಮಾತಿತ್ತು ಅನ್ನೋದು ಗೊತ್ತಾಗತ್ತೆ, ಏನು ಅನ್ನೋದು ಗೊತ್ತಾಗಲ್ಲ. ಅದಕ್ಕಿಂತ ಕಷ್ಟ ಬ್ರಾಕೆಟ್ಟಿನೊಳಗೆ ಬರೋ 'ಅಡಚಣೆ' ಅನ್ನೋದು. ಇಪ್ಪತ್ತು ಜನ ಸ್ಪೀಕರ್ ಪೀಠದ ಮುಂದಿನ ಬಾವಿಗಿಳಿದು ಕಾಗದ ಹರಿದು ಎಸೆದ್ರೂ ಅದೇ ಒಂದು ಪದ, ಯಾರೋ ಒಬ್ರು ಕೂತಲ್ಲಿಂದ್ಲೇ ಗೊಣಗಿದ್ರೂ ಅದೇ ಪದ. ಸುಮ್ನೆ ಓದ್ತಾ ಹೋದ್ರೆ ಎಲ್ಲ ದಿನವೂ ಒಂದೇ ಥರ ಕಾಣತ್ತೆ. ವಿಡಿಯೋ ನೋಡ್ಕೋಬಹುದಲ್ಲ ಅಂದ್ರೆ, ಟೀವಿ ಕ್ಯಾಮೆರಾ ಒಳಗೆ ಬಂದಿದ್ದೇ 1989ರ ಡಿಸೆಂಬರ್‌ನಲ್ಲಿ ರಾಷ್ಟ್ರಪತಿ ಭಾಷಣಕ್ಕೆ, ಲೋಕಸಭಾ ಟೀವಿ ಅಂತ ಸ್ವಂತ ಚಾನೆಲ್ ಬಂದಿದ್ದು 2006ಕ್ಕೆ. ಅದಕ್ಕಿಂತ ಹಿಂದಿಂದು ಅಚ್ಚಿನ ಪುಟಾನೇ ಗತಿ.

ಕನ್ನಡದೋರಿಗೆ ಇನ್ನೊಂದು ಸಂಗತಿ. 1967ರಲ್ಲಿ ಶಿವಮೊಗ್ಗದಿಂದ ಗೆದ್ದು ಹೋದ ಜೆ. ಎಚ್. ಪಟೇಲರು ಲೋಕಸಭೇಲಿ ಕನ್ನಡದಲ್ಲಿ ಮಾತಾಡಿದ ಮೊದಲಿಗರು, ಸ್ಪೀಕರ್ ಸಂಜೀವ ರೆಡ್ಡಿ ಅವಕಾಶ ಕೊಟ್ರು, ಇದು ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತು. ಸಂವಿಧಾನದ 120ನೇ ಕಲಮಿನ ಪ್ರಕಾರ ಹಿಂದಿ ಇಂಗ್ಲಿಷ್ ಬರದ ಸದಸ್ಯರಿಗೆ ಮಾತೃಭಾಷೇಲಿ ಮಾತಾಡೋಕೆ ಪೀಠ ಅನುಮತಿ ಕೊಡಬಹುದು. ಆದ್ರೆ ಆಮೇಲಾಮೇಲೆ ನಮ್ಮ ಎಂಪಿಗಳು ಕನ್ನಡದಲ್ಲಿ ಮಾಡಿದ ಭಾಷಣಗಳನ್ನ ಲೋಕಸಭೆ ಸಂಪುಟದಲ್ಲಿ ತೆಗೆದ್ರೆ ಕಾಣೋದು ಹೀಗೆ: ಹೆಸರಿನ ಪಕ್ಕ ಒಂದು ನಕ್ಷತ್ರ, ಕೆಳಗೆ "ಮೂಲ ಕನ್ನಡದಲ್ಲಿ ಮಾಡಿದ ಭಾಷಣದ ಇಂಗ್ಲಿಷ್ ಅನುವಾದ". ಆಡಿದ ಕನ್ನಡ ಅಲ್ಲಿರಲ್ಲ. ಗಾದೆ ಹೇಳಿದ್ರೋ, ವಚನ ಹೇಳಿದ್ರೋ, ಯಾರನ್ನಾದ್ರೂ ನಮ್ಮೂರ ಭಾಷೇಲಿ ಚುಚ್ಚಿದ್ರೋ, ಸಂಪುಟ ಓದಿ ಗೊತ್ತಾಗೋ ಹಾಗಿಲ್ಲ, ಎಲ್ಲ ಒಂದೇ ಥರದ ಸರ್ಕಾರಿ ಇಂಗ್ಲಿಷ್. ಈಗಿನ ಭಾಷಣ ಆದ್ರೆ ವಿಡಿಯೋ ಇರತ್ತೆ ಬಿಡಿ.

ಸರಿ, ಇಷ್ಟೆಲ್ಲ ಇಲ್ಲ ಇಲ್ಲ ಅಂದ ಮೇಲೆ ಯಾರೂ ತೆಗೆದು ನೋಡದೇ ಇರೋ ಒಂದು ಖಜಾನೆ ಬಗ್ಗೆ ಹೇಳ್ತೀನಿ: ಪ್ರಶ್ನೋತ್ತರ. ಭಾಷಣಕ್ಕಿಂತ ನಂಗೆ ಇದೇ ಇಷ್ಟ. ನಕ್ಷತ್ರ ಹಾಕಿದ ಪ್ರಶ್ನೆಗೆ ಮಂತ್ರಿ ನಿಂತು ಉತ್ತರ ಹೇಳ್ಬೇಕು, ಹಾಕದೇ ಇರೋದಕ್ಕೆ ಬರಹದಲ್ಲಿ ಕೊಟ್ರೆ ಸಾಕು. ಈ ಬರಹದ ಉತ್ತರಗಳಲ್ಲಿ ಏನೇನಿದೆ ಗೊತ್ತಾ, ನಿಮ್ಮ ತಾಲೂಕಿಗೆ ಟೆಲಿಫೋನ್ ಎಕ್ಸ್‌ಚೇಂಜ್ ಯಾವಾಗ ಬರತ್ತೆ, ಇಂಥ ರೈಲ್ವೆ ಲೈನ್ ಸರ್ವೆ ಎಲ್ಲಿಗೆ ಬಂತು, ಕಾಫಿ ಬೋರ್ಡ್ ಲೆಕ್ಕ, ಬರಗಾಲಕ್ಕೆ ಕೊಟ್ಟ ದುಡ್ಡು. ಉತ್ತರ ಬಹಳ ಸಲ "ಇಲ್ಲ ಸ್ವಾಮಿ", ಎರಡನೇ ಭಾಗಕ್ಕೆ "ಆ ಪ್ರಶ್ನೆ ಉದ್ಭವಿಸುವುದಿಲ್ಲ". ಅಷ್ಟಕ್ಕೇ ಬೇಜಾರಾಗ್ಬೇಡಿ, ಕೇಳಿದ ಪ್ರಶ್ನೇನೇ ಒಂದು ಮಾಹಿತಿ, ಆ ವರ್ಷ ಊರಲ್ಲಿ ಜನ ಯಾವುದಕ್ಕೆ ಒದ್ದಾಡ್ತಿದ್ರು ಅಂತ ಅದರಿಂದ್ಲೇ ಗೊತ್ತಾಗತ್ತೆ.

ಒಂದು ಒಳಗುಟ್ಟು ಹೇಳ್ತೀನಿ. ಎಷ್ಟೋ ಉತ್ತರ "ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದೆ ಇಡಲಾಗುವುದು" ಅಂತ ಮುಗಿಯತ್ತೆ. ಅಲ್ಲಿಗೆ ಮುಗೀತು ಅಂತ ಜನ ಬಿಟ್ಟುಬಿಡ್ತಾರೆ. ಅದು ಲೆಕ್ಕದಲ್ಲಿ ಒಂದು ಭರವಸೆ. ಇಂಥ ಭರವಸೆಗಳ ಬೆನ್ನು ಹತ್ತೋಕೆ ಅಂತಲೇ 1953ರಿಂದ ಲೋಕಸಭೇಲಿ ಸರ್ಕಾರಿ ಭರವಸೆಗಳ ಸಮಿತಿ ಇದೆ. ನಿಜವಾದ ಉತ್ತರ ತಿಂಗಳುಗಟ್ಟಲೆ, ಕೆಲವು ಸಲ ವರ್ಷಗಟ್ಟಲೆ ಆದ ಮೇಲೆ ಬೇರೆ ಕಾಗದವಾಗಿ ಸದನದ ಮೇಜಿನ ಮೇಲೆ ಬಂದು ಕೂರತ್ತೆ, ಹಳೇ ಪ್ರಶ್ನೆಯ ಪುಟದಲ್ಲಿ ಅದು ಇರಲ್ಲ. ಹಾಗಾಗಿ ಪ್ರಶ್ನೆ ನಂಬರು, ತಾರೀಕು ಬರೆದಿಟ್ಕೊಂಡು ಮುಂದಿನ ವರ್ಷಗಳ ಸಮಿತಿ ವರದೀಲಿ ಹುಡುಕ್ಬೇಕು. ಹುಡುಕೋವಾಗ ಊರಿನ ಹೆಸರು ಹಳೇ ಇಂಗ್ಲಿಷ್ ಸ್ಪೆಲ್ಲಿಂಗಲ್ಲಿ ಹಾಕಿ, ಧಾರವಾಡ ಅಲ್ಲ ಧಾರ್ವಾರ್, ಮಡಿಕೇರಿ ಅಲ್ಲ ಮರ್ಕಾರಾ, ಕೊಡಗು ಅಲ್ಲ ಕೂರ್ಗ್. ಸ್ಕ್ಯಾನ್ ಮಾಡಿದ ಪುಟದ ಅಕ್ಷರ ಕಂಪ್ಯೂಟರ್ ಅರ್ಧ ತಪ್ಪು ಓದಿರತ್ತೆ, ಅದಕ್ಕೆ ಸರ್ಚಲ್ಲಿ ಬಂದಿಲ್ಲ ಅಂದ ಮಾತ್ರಕ್ಕೆ ಇಲ್ಲ ಅಂತ ಅಲ್ಲ.

ಎಂಪಿ ಆ ಪ್ರಶ್ನೆ ಯಾಕೆ ಕೇಳಿದ್ರು ಅಂದ್ರೆ ಊರಿಂದ ಯಾರೋ ಕಾಗದ ಬರೆದಿರ್ತಾರೆ. ಆ ಕಾಗದ ಪಾರ್ಲಿಮೆಂಟಿನ ಕಡತಕ್ಕೆ ಹೋಗಲ್ಲ, ಎಂಪಿ ಮನೇಲಿರತ್ತೆ, ಮನೆ ಖಾಲಿ ಮಾಡೋವಾಗ ರದ್ದಿಗೆ ಹೋಗತ್ತೆ. ಹೆಸರಾಂತ ಕೆಲವರದ್ದು ಮಾತ್ರ ದೆಹಲಿಯ ತೀನ್ ಮೂರ್ತಿಯಲ್ಲಿ, ಮೊದಲು ನೆಹರೂ ಮೆಮೋರಿಯಲ್ ಅಂತಿದ್ದ ಲೈಬ್ರರಿಗೆ ಸೇರಿದೆ, ಹಳೇ ಕಾಂಗ್ರೆಸ್ ಪಕ್ಷದ ಕಾಗದಪತ್ರ ಕೂಡ ಅಲ್ಲೇ ಇರೋದು. ಸಂಸದೀಯ ಸಮಿತಿಗಳು ಕೂಡ ಬಾಗಿಲು ಹಾಕ್ಕೊಂಡೇ ಕೂರೋದು, ವರದಿ ಹೊರಗೆ ಬರತ್ತೆ, ಒಳಗಿನ ಜಗಳ ಬರಲ್ಲ.

ಸಮಿತಿ ಅಂದಾಗ ನೆನಪಾಯ್ತು, ಬೆಂಗಳೂರಿನೋರು ಮರೆತಿರೋ ಕಥೆ. 1975ರ ಜೂನ್ 26ರ ಬೆಳಗ್ಗೆ ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ್ ಮಿಶ್ರಾ ಇವರೆಲ್ಲ ಅರೆಸ್ಟ್ ಆಗಿದ್ದು ಬೆಂಗಳೂರಲ್ಲಿ. ಇಲ್ಲಿ ಏನು ಮಾಡ್ತಿದ್ರು ಅಂದ್ರೆ ಪಕ್ಷಾಂತರ ತಡೆಯೋ ಮಸೂದೆ ಬಗ್ಗೆ ಜಂಟಿ ಸಂಸದೀಯ ಸಮಿತಿ ಮೀಟಿಂಗಿಗೆ ಬಂದಿದ್ರು! 1973ರಲ್ಲಿ ಮಂಡನೆಯಾದ ಮಸೂದೆ, ಸಮಿತಿ ಹತ್ರಾನೇ ಇತ್ತು, ಆಮೇಲೆ 1977ರಲ್ಲಿ ಲೋಕಸಭೆ ವಿಸರ್ಜನೆ ಆದಾಗ ಬಿದ್ದುಹೋಯ್ತು, ಪಕ್ಷಾಂತರ ಕಾಯ್ದೆ ಕೊನೇಗೆ ಬಂದಿದ್ದು 1985ಕ್ಕೆ. ಇದ್ರಲ್ಲಿ ಪಾರ್ಲಿಮೆಂಟ್ ದಾಖಲೆಗೆ ಸೇರೋದು ಏನು? ಮಸೂದೆ. ಸಮಿತಿ ಸದಸ್ಯರ ಪಟ್ಟಿ. ಸದಸ್ಯರನ್ನ ಬಂಧಿಸಿದ್ರೆ ಸ್ಪೀಕರ್‌ಗೆ ತಿಳಿಸ್ಲೇಬೇಕು ಅನ್ನೋ ನಿಯಮ ಇದೆ, 229, ಹಾಗಾಗಿ ಇಂಥವರನ್ನ ಇಂಥ ಕಡೆ ಹಿಡಿದಿದೀವಿ ಅನ್ನೋ ಒಣ ಸೂಚನೆ. ಹೇಗೆ ಹಿಡಿದ್ರು, ಗಾಂಧಿನಗರದ ಸೆಂಟ್ರಲ್ ಜೈಲಲ್ಲಿ ಹೇಗಿಟ್ರು, ಯಾರು ನೋಡೋಕೆ ಬಂದ್ರು, ಅದೆಲ್ಲ ಜೈಲು ಮತ್ತೆ ಪೊಲೀಸ್ ಕಡತ, ರಾಜ್ಯದ್ದು. ಜೈಲಿದ್ದ ಜಾಗದಲ್ಲಿ ಈಗ ಫ್ರೀಡಂ ಪಾರ್ಕಿದೆ.

ಅದೇ ತುರ್ತು ಪರಿಸ್ಥಿತೀಲಿ ಇದರ ಉಲ್ಟಾ ಕೂಡ ಆಗಿದೆ. ಜುಲೈಲಿ ಲೋಕಸಭೆ ಸೇರಿದಾಗ ಸಿಪಿಎಂನ ಎ. ಕೆ. ಗೋಪಾಲನ್ ಎದ್ದು ತುರ್ತು ಪರಿಸ್ಥಿತಿಯನ್ನ ಹಿಗ್ಗಾಮುಗ್ಗಾ ಬೈದ್ರು. ಪೇಪರಿಗೆ ಸೆನ್ಸಾರ್, ಒಂದಕ್ಷರ ಹಾಕೋ ಹಾಗಿಲ್ಲ. ಆದ್ರೆ ಸಭೆಯ ಸಂಪುಟದಲ್ಲಿ ಇದೆ, ಇವತ್ತೂ ಓದಬಹುದು. ಆ ವರ್ಷಗಳ ಮಟ್ಟಿಗೆ ಲೈಬ್ರರೀಲಿರೋ ಹಳೇ ಪೇಪರ್‌ಗಿಂತ ಪಾರ್ಲಿಮೆಂಟ್ ಸಂಪುಟವೇ ವಾಸಿ, ನಾನಂತೂ ಹಾಗೇ ಅಂತೀನಿ.

1947ಕ್ಕಿಂತ ಹಿಂದಿಂದು ಹುಡುಕೋರಿಗೆ ಒಂದು ಮಾತು. ನಿಮ್ಮೂರು ಆಗ ಯಾರ ಸೀಮೇಲಿತ್ತು ಅಂತ ಮೊದಲು ನೋಡ್ಕೊಳಿ. ಬೆಳಗಾವಿ, ಧಾರವಾಡ, ವಿಜಯಪುರ, ಕಾರವಾರ ಬಾಂಬೆ ಪ್ರೆಸಿಡೆನ್ಸಿ, ಮಂಗಳೂರು ಬಳ್ಳಾರಿ ಮದ್ರಾಸ್, ಇವೆಲ್ಲ ಬ್ರಿಟಿಷ್ ಇಂಡಿಯಾ, ದೆಹಲಿಯ ಕೇಂದ್ರ ಶಾಸನಸಭೆ ಚರ್ಚೇಲಿ ಸಿಗೋ ಚಾನ್ಸಿದೆ. ಕೊಡಗು ಚೀಫ್ ಕಮಿಷನರ್ ಪ್ರಾಂತ್ಯ, ಅದೂ ಸಿಗಬಹುದು. ಹಳೇ ಮೈಸೂರು ಸಂಸ್ಥಾನಕ್ಕೆ ಅಲ್ಲಿ ಸೀಟೇ ಇಲ್ಲ, ಅದಕ್ಕೆ 1881ರಲ್ಲಿ ರಂಗಾಚಾರ್ಲು ಕಾಲದಲ್ಲಿ ಶುರುವಾದ ಪ್ರಜಾಪ್ರತಿನಿಧಿ ಸಭೆ, 1907ರಿಂದ ನ್ಯಾಯವಿಧಾಯಕ ಸಭೆ, ಅವುಗಳ ನಡಾವಳಿಯನ್ನೇ ನೋಡ್ಬೇಕು, ದೆಹಲೀಲಿ ಅಲ್ಲ. ಕಲಬುರಗಿ, ರಾಯಚೂರು, ಬೀದರ್ ಕಡೆಯೋರ ಪಾಡು ಇನ್ನೂ ಕಷ್ಟ, ನಿಜಾಮರ ಸೀಮೆ, ಸಂವಿಧಾನ ಸಭೆಗೂ ಹೈದರಾಬಾದಿಂದ ಪ್ರತಿನಿಧಿಗಳು ಹೋಗ್ಲೇ ಇಲ್ಲ. ಹನ್ನೆರಡು ಸಂಪುಟದಲ್ಲಿ ಹೈದರಾಬಾದ್ ಬಗ್ಗೆ ಮಾತಿದೆ, ಅಲ್ಲಿಂದ ಆರಿಸಿ ಬಂದ ದನಿ ಇಲ್ಲ.

ಕೊನೇದಾಗಿ ಬಳ್ಳಾರಿ, ಇದನ್ನ ನಾನು ಇನ್ನೂ ಹುಡುಕ್ತಾ ಇದೀನಿ. 1953ರಲ್ಲಿ ಆಂಧ್ರ ರಾಜ್ಯ ಆದಾಗ ಬಳ್ಳಾರಿ ಜಿಲ್ಲೆ ಹಂಚಿಹೋಯ್ತು, ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ, ಬಳ್ಳಾರಿ ತಾಲೂಕಿನ ಬಗ್ಗೆ ಜಸ್ಟಿಸ್ ಮಿಶ್ರಾ ವರದಿ ಕೊಟ್ಟ ಮೇಲೆ ಅದು ಮೈಸೂರಿಗೆ ಬಂತು. ಎರಡೇ ವರ್ಷಕ್ಕೆ, 1955ರ ಸೆಪ್ಟೆಂಬರ್ ಕೊನೇಲಿ ರಾಜ್ಯಗಳ ಗಡಿ ಹೊಸದಾಗಿ ಹೇಗಿರ್ಬೇಕು ಅಂತ ಹೇಳೋಕೆ ನೇಮಿಸಿದ್ದ ಫಜಲ್ ಅಲಿ ಆಯೋಗ (ಮೇಲೆ ಬಂದ ಬಂಡಾಯಗಾರ ಕುಂಜ್ರು ಇದರಲ್ಲೂ ಇದ್ರು) ಉಲ್ಟಾ ಹೇಳ್ತು, ತುಂಗಭದ್ರಾ ಯೋಜನೆ ಕಾರಣಕ್ಕೆ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ಆಂಧ್ರಕ್ಕೆ ಹೋಗ್ಲಿ ಅಂತ. ಆದ್ರೆ 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆ ಬರೋ ಹೊತ್ತಿಗೆ ಅವೆಲ್ಲ ಮೈಸೂರಲ್ಲೇ ಉಳಿದಿದ್ವು. ವರದಿ ಪಾರ್ಲಿಮೆಂಟಲ್ಲಿದೆ, ಅದರ ಮೇಲಿನ ಚರ್ಚೆ ಇದೆ, ಮಸೂದೆ ಇದೆ, ಕಾಯ್ದೆ ಇದೆ. ಮಧ್ಯದಲ್ಲಿ ಮನಸ್ಸು ಬದಲಾಗಿದ್ದು ಯಾವ ಮೀಟಿಂಗಲ್ಲಿ? ನೆಹರೂ, ಆಜಾದ್, ಪಂತ್, ಢೇಬರ್ ಇದ್ದ ಕಾಂಗ್ರೆಸ್ ಉಪಸಮಿತಿ ಒಂದಿತ್ತು, ಕ್ಯಾಬಿನೆಟ್ ಇತ್ತು, ಗೃಹ ಇಲಾಖೆ ಇತ್ತು. ಗೃಹ ಇಲಾಖೆ ಫೈಲು ಅಂದ್ರೆ ಜನಪಥದ ನ್ಯಾಷನಲ್ ಆರ್ಕೈವ್ಸ್, ಅವರ ಅಭಿಲೇಖ ಪಟಲ್ ಸೈಟಲ್ಲಿ ಫೈಲಿನ ಹೆಸರು ಹಾಕಿ ಹುಡುಕಬಹುದು, ನಾನು ಅದನ್ನೇ ಮಾಡ್ತಿರೋದು.

ಆಯೋಗಕ್ಕೆ ದೇಶದ ಮೂಲೆಮೂಲೆಯಿಂದ ಬಂದ ಮನವಿ, ತಂತಿ, ಠರಾವು ಎಲ್ಲ ಸೇರಿ 1,52,250 ಅಂತ ಅವರ ವರದೀಲೇ ಇದೆ. ಅದ್ರಲ್ಲಿ ಚೆನ್ನಾಗಿ ಯೋಚ್ನೆ ಮಾಡಿ ಬರೆದ ಮನವಿ ಸುಮಾರು 2,000 ಮೀರಲ್ಲ ಅಂತ ಒಂದು ಕುಟುಕೂ ಇದೆ. ವರದಿಯ ಪುಟಗಳಲ್ಲಿ ಆ ಕಾಗದಗಳಿಲ್ಲ, ಬರೀ ಲೆಕ್ಕ ಇದೆ. ಆದ್ರೆ ಆಗ ಗ್ರಾಮ ಪಂಚಾಯ್ತಿ, ಸಂಘ, ವಕೀಲರ ಕೂಟ ಅಂತ ಯಾರೇ ಕಳಿಸಿದ್ರೂ ಒಂದು ಕಾರ್ಬನ್ ಕಾಪಿ ಮನೇಲಿ ಇಟ್ಕೊಳ್ತಿದ್ರು. ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ಕಡೆ ಯಾರ ಮನೇಲಾದ್ರೂ ಅಜ್ಜನ ಟ್ರಂಕಲ್ಲಿ ಅಂಥದ್ದು ಇದ್ರೆ ದಯವಿಟ್ಟು ರದ್ದಿಗೆ ಹಾಕ್ಬೇಡಿ, ನಂಗೊಂದು ಮಾತು ತಿಳಿಸಿ, ನಾನೇ ಬಂದು ಸ್ಕ್ಯಾನ್ ಮಾಡ್ಕೊಂಡು ಮೂಲ ನಿಮ್ಮ ಕೈಗೇ ಕೊಟ್ಟು ಹೋಗ್ತೀನಿ.